ಅನ್ನಪ್ರಾಶನವೂ ಶಿಶುವಿನ ಪುಷ್ಟಿಯೂ

ಧಾರವಾಡದ ರೇಲ್ವೆ ನಿಲ್ದಾಣಕ್ಕೆ ಸಮೀಪದಲ್ಲಿರುವ ಮಾಳಮಡ್ಡಿಯು ಆ ಪಟ್ಟಣದ ಹೆಸರಾಂತ ಬಡಾವಣೆಗಳಲ್ಲೊಂದು. ಉತ್ತರಾದಿ ಮಠವು ಇಲ್ಲಿರುವುದರಿಂದಲೂ ವೈದಿಕ ಮನೆತನಗಳು ಹೆಚ್ಚಾಗಿ ನೆಲೆಸಿರುವುದರಿಂದಲೂ ಗೃಹ್ಯಕರ್ಮಗಳು ಇಲ್ಲಿ ಇಂದಿಗೂ ನಡೆದುಬಂದಿವೆ. ಧಾರವಾಡವು ಎರಡು ಸೀಮೆಗಳ ಸಂಧಿಯಲ್ಲಿರುವ ಊರು. ಪಡುವಣಕ್ಕೆ ಭತ್ತ ಬೆಳೆಯುವ ಮಲೆನಾಡಿನ ಸೆರಗು. ಮೂಡಣಕ್ಕೆ ಜೋಳ ಬೆಳೆಯುವ ಎರೆಯ ಬಯಲು. ಆದುದರಿಂದ ಇಲ್ಲಿಯ ಅಡಿಗೆಮನೆಗೆ ಅಕ್ಕಿಯೂ ಜೋಳವೂ ಸಮಾನವಾಗಿ ಪರಿಚಿತವಾದ ಧಾನ್ಯಗಳು. ಆದರೆ ಕೂಸಿಗೆ ಮೊದಲ ತುತ್ತನ್ನು ಉಣಿಸುವ ದಿನ ಜೋಳಕ್ಕೆ ಎಡೆಯಿಲ್ಲ. ಅಂದು ಅಕ್ಕಿಯ ಪಾಯಸವನ್ನೋ ತುಪ್ಪ ಬೆರಸಿದ ಮೆತ್ತನೆಯ ಅನ್ನವನ್ನೋ ದೇವರಿಗೆ ನೈವೇದ್ಯಮಾಡಿ, ಬೆಳ್ಳಿಯ ಚಮಚೆಯಿಂದಲೋ ಬಂಗಾರದ ಉಂಗುರದಿಂದಲೋ ಕೂಸಿನ ತುಟಿಗೆ ಮುಟ್ಟಿಸುತ್ತಾರೆ. ಇದೇ ಅನ್ನಪ್ರಾಶನ.

ಈ ಒಂದು ದಿನದ ವಿಧಿಯನ್ನು ಶಾಸ್ತ್ರಕಾರರು ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಬರೆಯುತ್ತ ಬಂದಿದ್ದಾರೆ. ತಿಂಗಳು, ತಿಥಿ, ನಕ್ಷತ್ರ, ಮಂತ್ರ, ದ್ರವ್ಯ ಎಲ್ಲವೂ ನಿರ್ಣೀತವಾಗಿವೆ. ಆದರೆ ಮರುದಿನದಿಂದ ಮೊದಲಾಗಿ ಕೂಸು ಎರಡು ವರ್ಷದ್ದಾಗುವವರೆಗೆ ಅದಕ್ಕೆ ಏನನ್ನು, ಎಷ್ಟು ಸಲ, ಎಷ್ಟು ಗಟ್ಟಿಯಾಗಿ ಉಣಿಸಬೇಕೆಂಬುದು ಬಹುಮಟ್ಟಿಗೆ ಹೆಂಗಸರ ಬಾಯಿಮಾತಿನಲ್ಲಿಯೇ ಉಳಿಯಿತು. ಕೂಸಿನ ಮೈ ತುಂಬುವುದೂ ಸೊರಗುವುದೂ ಆ ಕಾಲದಲ್ಲಿಯೇ. ಶಾಸ್ತ್ರವು ದಿನವನ್ನು ಕುರಿತು ಹೇಳಿದುದೇನು, ವೈದ್ಯರು ಆಹಾರವನ್ನು ಕುರಿತು ಹೇಳಿದುದೇನು, ಅಡಿಗೆಮನೆ ತಿಳಿದಿದ್ದುದೇನು, ಈ ಮೂರೂ ಎಲ್ಲಿ ಕೂಡುತ್ತವೆ ಎಂಬುದೇ ಇಲ್ಲಿಯ ವಿಚಾರ.

ಗೃಹ್ಯಸೂತ್ರಗಳು

ಋಗ್ವೇದಿಗಳಿಗೆ ಪ್ರಮಾಣವಾದ ಆಶ್ವಲಾಯನ ಗೃಹ್ಯಸೂತ್ರವು ಪ್ರಥಮಾಧ್ಯಾಯದ 16ನೆಯ ಖಂಡದಲ್ಲಿ ಅನ್ನಪ್ರಾಶನವನ್ನು ವಿಧಿಸುತ್ತದೆ. ಕಾಲವು ಆರನೆಯ ತಿಂಗಳು. ದ್ರವ್ಯವು ತಂದೆಯ ಅಪೇಕ್ಷೆಯನ್ನು ಅನುಸರಿಸಿರುವುದು. ಅನ್ನಸಮೃದ್ಧಿಯನ್ನು ಬಯಸುವವನು ಆಡಿನ ಮಾಂಸವನ್ನೂ, ಬ್ರಹ್ಮವರ್ಚಸ್ಸನ್ನು ಬಯಸುವವನು ತಿತ್ತಿರಿಯ ಮಾಂಸವನ್ನೂ, ತೇಜಸ್ಸನ್ನು ಬಯಸುವವನು ತುಪ್ಪದನ್ನವನ್ನೂ ಉಣಿಸಬೇಕು. ಮೊಸರು, ಜೇನು, ತುಪ್ಪಗಳನ್ನು ಬೆರಸಿದ ಅನ್ನವನ್ನು ಉಣಿಸಬೇಕೆಂದೂ ಹೇಳಿದೆ. ಗಂಡುಕೂಸಿಗೆ ಮಂತ್ರಪೂರ್ವಕವಾಗಿ ನಡೆಯುವ ಕರ್ಮವು ಹೆಣ್ಣುಕೂಸಿಗೆ ಮಂತ್ರವಿಲ್ಲದೆ ನಡೆಯುತ್ತದೆ. ಮನುಸ್ಮೃತಿಯ ದ್ವಿತೀಯಾಧ್ಯಾಯವೂ ಆರನೆಯ ತಿಂಗಳನ್ನೇ ಹೇಳಿ, ಕುಲಾಚಾರಕ್ಕೆ ಅವಕಾಶವಿಟ್ಟಿದೆ.

ಕಾಲಾಂತರದಲ್ಲಿ ಮಾಂಸವು ಬಿಟ್ಟುಹೋಗಿ ಪಾಯಸವೂ ತುಪ್ಪದನ್ನವೂ ಉಳಿದುವು. ಜ್ಯೋತಿಷಗ್ರಂಥಗಳು ಕಾಲವನ್ನು ಇನ್ನಷ್ಟು ವಿಂಗಡಿಸಿದುವು. ಗಂಡಿಗೆ ಆರನೆಯದು ಮೊದಲಾದ ಸಮಮಾಸಗಳು, ಹೆಣ್ಣಿಗೆ ಐದನೆಯದು ಮೊದಲಾದ ವಿಷಮಮಾಸಗಳು ಎಂಬ ನಿಯಮವು 1600ರ ಸುಮಾರಿನ ಮುಹೂರ್ತಚಿಂತಾಮಣಿಯಲ್ಲಿ ಕಾಣುತ್ತದೆ. ಪಂಚಾಂಗಗಳು ಅದನ್ನು ಅನುಸರಿಸುತ್ತವೆ. ಕೂಸಿನ ಮುಂದೆ ಪುಸ್ತಕ, ಶಸ್ತ್ರ, ಬಂಗಾರ ಮೊದಲಾದವುಗಳನ್ನಿಟ್ಟು ಅದು ಮೊದಲು ಯಾವುದನ್ನು ಮುಟ್ಟುವುದೆಂದು ನೋಡಿ ಮುಂದಿನ ಜೀವಿಕೆಯನ್ನು ಊಹಿಸುವ ಆಚಾರವೂ ಈ ದಿನಕ್ಕೆ ಸೇರಿಕೊಂಡಿತು.

ಇಲ್ಲಿ ಒಂದು ಶಬ್ದವಿಚಾರವು ಅವಶ್ಯವಾಗಿದೆ. ‘ಆರನೆಯ ತಿಂಗಳಲ್ಲಿ’ ಎಂದರೆ ಐದು ತಿಂಗಳು ತುಂಬಿ ಆರನೆಯದು ನಡೆಯುತ್ತಿರುವಾಗ ಎಂದರ್ಥ. ‘ಆರು ತಿಂಗಳು ತುಂಬಿದ ಮೇಲೆ’ ಎಂದರೆ ಏಳನೆಯ ತಿಂಗಳಲ್ಲಿ ಎಂದಾಗುತ್ತದೆ. ಈ ಎರಡಕ್ಕೂ ಒಂದು ತಿಂಗಳ ಅಂತರವಿದೆ. ಹೆಣ್ಣುಕೂಸಿಗೆ ಐದನೆಯ ತಿಂಗಳನ್ನು ಹಿಡಿದರೆ ಅಂತರವು ಎರಡು ತಿಂಗಳಾಗುತ್ತದೆ. ಈ ಲೆಕ್ಕವು ಕೇವಲ ಪಂಡಿತರ ಚರ್ಚೆಯ ವಿಷಯವಲ್ಲವೆಂಬುದು ಮುಂದೆ ವಿಶದವಾಗುವುದು.

ವೈದ್ಯಗ್ರಂಥಗಳು

ಸುಶ್ರುತಸಂಹಿತೆಯ ಶಾರೀರಸ್ಥಾನದ ದಶಮಾಧ್ಯಾಯವು ಆರನೆಯ ತಿಂಗಳ ಕೂಸಿಗೆ ಉಣಿಸುವ ಅನ್ನಕ್ಕೆ ಎರಡು ವಿಶೇಷಣಗಳನ್ನು ಕೊಡುತ್ತದೆ: ಅದು ಲಘುವಾಗಿರಬೇಕು, ಹಿತವಾಗಿರಬೇಕು. ವಾಗ್ಭಟನ ಅಷ್ಟಾಂಗಹೃದಯವು ಉತ್ತರಸ್ಥಾನದ ಮೊದಲನೆಯ ಅಧ್ಯಾಯದಲ್ಲಿ, ಹಲ್ಲು ಮೂಡಿದ ಕೂಸನ್ನು ಕ್ರಮಕ್ರಮವಾಗಿ ಮೊಲೆಯಿಂದ ಬಿಡಿಸಬೇಕೆಂದೂ ಆಗ ಕೊಡುವ ಅನ್ನವು ಲಘುವೂ ಬೃಂಹಣವೂ ಆಗಿರಬೇಕೆಂದೂ ವಿಧಿಸುತ್ತದೆ. ಮೊಲೆ ಬಿಟ್ಟ ಕೂಸಿಗೆ ಅರಳು, ಸಕ್ಕರೆ, ಜೇನು ಮುಂತಾದವುಗಳ ಉಂಡೆಗಳನ್ನೂ ಅಲ್ಲಿ ಹೇಳಿದೆ.

ಈ ಎರಡು ಶಬ್ದಗಳು ವಿಚಾರಾರ್ಹವಾಗಿವೆ. ಲಘುವೆಂದರೆ ಸುಲಭವಾಗಿ ಅರಗುವುದು. ಬೃಂಹಣವೆಂದರೆ ಮೈಯನ್ನು ಬೆಳೆಸಿ ತುಂಬಿಸುವುದು. ವೈದ್ಯಪರಿಭಾಷೆಯಲ್ಲಿ ಬೃಂಹಣ ದ್ರವ್ಯಗಳು ಪ್ರಾಯಶಃ ಗುರುವಾಗಿರುವುವು. ಲಘುದ್ರವ್ಯಗಳು ಪ್ರಾಯಶಃ ಮೈಯನ್ನು ಇಳಿಸುವುವು. ಒಂದೇ ಅನ್ನದಲ್ಲಿ ಈ ಎರಡು ಗುಣಗಳೂ ಇರಬೇಕೆಂದು ಕೇಳುವಾಗ ವಾಗ್ಭಟನು ಶಿಶುಪೋಷಣೆಯ ಮುಖ್ಯವಾದ ಕಷ್ಟವನ್ನೇ ಎತ್ತಿ ತೋರಿಸಿದ್ದಾನೆ. ನೀರಾದ ಗಂಜಿಯು ಲಘುವಾಗಿರುವುದು, ಆದರೆ ಬೃಂಹಣವಲ್ಲ. ಗಟ್ಟಿಯಾದ ಮುದ್ದೆಯು ಬೃಂಹಣವಾದರೂ ಹಲ್ಲಿಲ್ಲದ ಬಾಯಿಗೆ ಲಘುವಲ್ಲ.

ಕೌಮಾರಭೃತ್ಯಕ್ಕೆ ಮೂಲಗ್ರಂಥವಾದ ಕಾಶ್ಯಪಸಂಹಿತೆಯು ನೇಪಾಳದ ತಾಳೆಯೋಲೆಯ ಪ್ರತಿಯಿಂದ 1938ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದರ ಖಿಲಭಾಗವು ಈ ವಿಷಯದಲ್ಲಿ ಬೇರೆಯೇ ಒಂದು ಕ್ರಮವನ್ನು ಹೇಳುತ್ತದೆ. ಆರನೆಯ ತಿಂಗಳಲ್ಲಿ ಫಲಪ್ರಾಶನ, ಎಂದರೆ ಹಣ್ಣಿನ ರುಚಿ. ಧಾನ್ಯದ ಅನ್ನವು ಹಲ್ಲು ಮೂಡಿದ ಮೇಲೆ ಅಥವಾ ಹತ್ತನೆಯ ತಿಂಗಳಲ್ಲಿ. ಅಕ್ಕಿಯು ಹಳೆಯದಾಗಿರಬೇಕು, ಹೊಟ್ಟು ಹೋಗಿರಬೇಕು, ಚೆನ್ನಾಗಿ ತೊಳೆದಿರಬೇಕು. ಅದನ್ನು ನೆಕ್ಕುವಷ್ಟು ಮೆತ್ತಗೆ ಬೇಯಿಸಿ ಸ್ನೇಹದ್ರವ್ಯದೊಡನೆ ಕೊಡಬೇಕು. ಧಾನ್ಯವನ್ನು ಕೂಸಿನ ಪ್ರಕೃತಿಯನ್ನೂ ದೇಶವನ್ನೂ ನೋಡಿ ಆರಿಸಬೇಕೆಂಬುದು ಈ ಸಂಪ್ರದಾಯದ ವಿಶೇಷ. ಅದೇ ಸಂಹಿತೆಯ ಲೇಹಾಧ್ಯಾಯವು ತಾಯಿಹಾಲು ಸಾಲದ ಕೂಸು ಯಾವುದು, ಯಾವುದಕ್ಕೆ ಲೇಹವನ್ನು ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದನ್ನು ವಿವರಿಸುತ್ತದೆ. ಗೃಹ್ಯಕಾರರ ದೃಷ್ಟಿಯು ದಿನದ ಮೇಲೆ ಇದ್ದಂತೆ ವೈದ್ಯರ ದೃಷ್ಟಿಯು ಕೂಸಿನ ಮೈಯ ಮೇಲೆ ಇದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕನ್ನಡನಾಡಿನ ಸಾಕ್ಷ್ಯಗಳು

ಈ ಸಂಸ್ಕಾರವು ವೈದಿಕರಿಗೆ ಮಾತ್ರ ಸೀಮಿತವಾಗಿರಲಿಲ್ಲ. ರಾಷ್ಟ್ರಕೂಟ ಅಮೋಘವರ್ಷನಿಗೆ ಪೂಜ್ಯನಾಗಿದ್ದ ಜಿನಸೇನಾಚಾರ್ಯನು 9ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಆದಿಪುರಾಣದಲ್ಲಿ ಗರ್ಭಾನ್ವಯಕ್ರಿಯೆಗಳನ್ನು ಎಣಿಸುವಾಗ ಅನ್ನಪ್ರಾಶನವನ್ನೂ ಹೇಳಿದ್ದಾನೆ. ಹುಟ್ಟಿದ ಕೆಲವು ತಿಂಗಳ ಮೇಲೆ ಜಿನಪೂಜೆಯೊಡನೆ ಅದನ್ನು ಮಾಡತಕ್ಕದ್ದು. ಹೀಗೆ ಮೊದಲ ತುತ್ತಿಗೆ ಒಂದು ಹಬ್ಬವನ್ನು ಏರ್ಪಡಿಸುವ ವಿಷಯದಲ್ಲಿ ಮತಭೇದವಿರಲಿಲ್ಲವೆಂದು ತಿಳಿಯುತ್ತದೆ.

ಕನ್ನಡದ ಶಾಸ್ತ್ರಗ್ರಂಥಗಳಿಗೆ ಬಂದರೆ, ಸು. 1200ರಲ್ಲಿದ್ದ ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ಯು ಮಕ್ಕಳ ರೋಗಗಳನ್ನು ಕುರಿತದ್ದು. ಕೂಸು ಸೊರಗಿ ಬಾಡುವುದನ್ನು ಗ್ರಹಗಳ ಹಿಡಿತವೆಂದು ಭಾವಿಸಿ ಪ್ರತೀಕಾರವನ್ನು ಹೇಳುವುದು ಬಾಲಗ್ರಹಶಾಸ್ತ್ರದ ಪದ್ಧತಿ. 16ನೆಯ ಶತಮಾನದ ಮೊದಲಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಪಿಷ್ಟಪಾಕ, ಪಾನಕ, ಅನ್ನಪಾಕ, ಶಾಕಪಾಕಗಳನ್ನು ಷಟ್ಪದಿಯಲ್ಲಿ ಸವಿವರವಾಗಿ ಹೇಳುತ್ತದೆ, ಆದರೆ ಅದು ಬೆಳೆದವರ ರಸನೆಗೆ ಬೇಕಾದ ಪಾಕಶಾಸ್ತ್ರ. ಒಂದು ಗ್ರಂಥದಲ್ಲಿ ಸೊರಗಿದ ಕೂಸುಂಟು, ಇನ್ನೊಂದರಲ್ಲಿ ಅಡಿಗೆಯುಂಟು. ಸೊರಗಿದ ಕೂಸಿಗೆ ಅಡಿಗೆಯನ್ನು ಹೇಗೆ ಹದಗೊಳಿಸಬೇಕೆಂಬ ವಿದ್ಯೆಯು ಬಾಣಂತಿಯ ಕೋಣೆಯಲ್ಲಿ, ಅಜ್ಜಿಯರ ಕೈಯಲ್ಲಿ ಉಳಿದಿತ್ತು.

ಧಾನ್ಯಗಳು

ಶಾಸ್ತ್ರವು ಅಕ್ಕಿಯನ್ನು ಹಿಡಿದರೂ ನಾಡಿನ ಬಹುಜನರ ಅನ್ನವು ಅಕ್ಕಿಯಲ್ಲ. ಹಳೆಯ ಧಾರವಾಡ ಜಿಲ್ಲೆಗೆ ಸೇರಿದ್ದು 1997ರಿಂದ ಹಾವೇರಿ ಜಿಲ್ಲೆಯಲ್ಲಿರುವ ಹಳ್ಳೂರಿನಲ್ಲಿ, ತುಂಗಭದ್ರೆಯ ತಡಿಯಲ್ಲಿ, ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಉತ್ಖನನ ನಡೆಸಿದಾಗ ಸುಟ್ಟ ರಾಗಿಯ ಕಾಳುಗಳು ದೊರೆತುವೆಂದು ವರದಿಯಾಯಿತು. ಅವುಗಳ ಕಾಲವನ್ನೂ ಗುರುತನ್ನೂ ಕುರಿತು ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ರಾಗಿಯೂ ಜೋಳವೂ ಮೂಲತಃ ಆಫ್ರಿಕ ಖಂಡದಿಂದ ಬಂದವೆಂಬುದರಲ್ಲಿ ಮಾತ್ರ ಇಂದು ಸಂದೇಹವಿಲ್ಲ. ಹೊರಗಿನಿಂದ ಬಂದ ಈ ಧಾನ್ಯಗಳು ನಾಡಿನ ಮುಖ್ಯ ಆಹಾರವಾದರೂ ಸಂಸ್ಕಾರದ ಮಣೆಯ ಮೇಲೆ ಅವುಗಳಿಗೆ ಸ್ಥಾನ ದೊರೆಯಲಿಲ್ಲ.

ಅದೇ ಜಿಲ್ಲೆಯ ಬಾಡದವನಾದ ಕನಕದಾಸನು 16ನೆಯ ಶತಮಾನದಲ್ಲಿ ರಚಿಸಿದ ‘ರಾಮಧಾನ್ಯಚರಿತೆ’ಯಲ್ಲಿ ಈ ಮೇಲುಕೀಳಿನ ಪ್ರಶ್ನೆಯೇ ಕಥಾವಸ್ತುವಾಗಿದೆ. ಭತ್ತವೂ ರಾಗಿಯೂ ತಮ್ಮತಮ್ಮ ಹಿರಿಮೆಗಾಗಿ ವಾದಿಸಲು, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ಭತ್ತವು ಕೆಡುತ್ತದೆ, ರಾಗಿಯು ಕೆಡದೆ ಉಳಿದು ರಾಮನ ಮೆಚ್ಚುಗೆಯನ್ನು ಪಡೆಯುತ್ತದೆ. ಕಾವ್ಯದ ಆಶಯವು ಸಾಮಾಜಿಕವಾದರೂ ಅದರ ಆಧಾರವು ರೈತನ ಅನುಭವ: ರಾಗಿಯು ಕಣಜದಲ್ಲಿ ವರ್ಷಗಟ್ಟಲೆ ಬಾಳುವ ಧಾನ್ಯ.

ಶಿಶುವಿನ ದೃಷ್ಟಿಯಿಂದಲೂ ರಾಗಿಗೆ ಒಂದು ಹಿರಿಮೆಯಿದೆ. ಎಲುಬಿಗೆ ಬೇಕಾದ ಸುಣ್ಣಾಂಶವು 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚಾಗಿದೆ. ಬಿಳಿಯ ಅಕ್ಕಿಯಲ್ಲಿ ಅದು 10 ಮಿಲಿಗ್ರಾಮಿನ ಆಸುಪಾಸಿನಲ್ಲಿದೆ. ಇದಕ್ಕಿಂತ ಮಹತ್ತ್ವದ ಇನ್ನೊಂದು ಗುಣವು ರಾಗಿಯ ಮೊಳಕೆಯಲ್ಲಿದೆ.

ಸರಿಯ ಹದ

ಹಳೆಯ ಮೈಸೂರು ಸೀಮೆಯ ತಾಯಂದಿರು ಕೂಸಿಗೆ ‘ರಾಗಿ ಸರಿ’ಯನ್ನು ಮಾಡುತ್ತಾರೆ. ರಾಗಿಯನ್ನು ತೊಳೆದು ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಿ, ತೆಳುವಾದ ಬಟ್ಟೆಯಲ್ಲಿ ಸೋಸಿದ ನುಣ್ಣನೆಯ ಹಿಟ್ಟನ್ನು ನೀರಿನಲ್ಲೋ ಹಾಲಿನಲ್ಲೋ ಕಾಯಿಸುವುದು ಒಂದು ವಿಧಾನ. ಈ ಶ್ರಮಕ್ಕೆ ಕಾರಣವೇನು? ಹಿಟ್ಟು ಬೆಂದಾಗ ಅದರ ಪಿಷ್ಟವು ನೀರನ್ನು ಹೀರಿ ಉಬ್ಬಿ ಅಂಟಾಗುತ್ತದೆ. ಆದುದರಿಂದ ಸ್ವಲ್ಪ ಹಿಟ್ಟು ಹಾಕಿದರೂ ಗಂಜಿ ಗಟ್ಟಿಯಾಗುವುದು. ಕೂಸು ನುಂಗುವಂತೆ ಮಾಡಲು ತಾಯಿಯು ನೀರನ್ನು ಸುರಿಯುತ್ತಾಳೆ. ಬಟ್ಟಲು ತುಂಬುತ್ತದೆ, ಸತ್ತ್ವವು ತುಂಬುವುದಿಲ್ಲ. ಮೊಳೆತ ಕಾಳಿನಲ್ಲಿಯಾದರೋ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವವು ಹುಟ್ಟುತ್ತದೆ. ಅದರ ಹಿಟ್ಟು ಬೇಯುವಾಗ ಗಂಜಿಯು ತೆಳ್ಳಗೇ ಉಳಿಯುವುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ವಾಗ್ಭಟನು ಕೇಳಿದ ಲಘುಬೃಂಹಣ ಅನ್ನವು ಇದೇ.

ಲೆಕ್ಕದಿಂದ ಇದು ಸ್ಪಷ್ಟವಾಗುವುದು. ಎಂಟು ಕಿಲೋ ತೂಗುವ ಕೂಸಿನ ಹೊಟ್ಟೆಯು ಒಂದು ಹೊತ್ತಿಗೆ ಹಿಡಿಯುವುದು ಸುಮಾರು ಕಾಲು ಲೀಟರು. ತಾಯಿಹಾಲನ್ನು ಕುಡಿಯುವ ಕೂಸಿಗೆ ಹಾಲಲ್ಲದ ಆಹಾರದಿಂದ 6ರಿಂದ 8 ತಿಂಗಳವರೆಗೆ ದಿನಕ್ಕೆ ಸುಮಾರು 200, 9ರಿಂದ 11 ತಿಂಗಳವರೆಗೆ 300, ಎರಡನೆಯ ವರ್ಷದಲ್ಲಿ 550 ಕ್ಯಾಲೊರಿಗಳು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆ. ನೂರಕ್ಕೆ ಐದು ಪಾಲು ಹಿಟ್ಟಿರುವ ನೀರುಗಂಜಿಯ ಕಾಲು ಲೀಟರಿನಲ್ಲಿ ಇರುವುದು 12 ಗ್ರಾಮಿನಷ್ಟು ಹಿಟ್ಟು, ಎಂದರೆ ಸುಮಾರು 40 ಕ್ಯಾಲೊರಿ. ಇನ್ನೂರನ್ನು ಮುಟ್ಟಲು ಅಂತಹ ಐದು ಬಟ್ಟಲು ಬೇಕು. ಅಷ್ಟು ಕುಡಿದ ಕೂಸಿಗೆ ತಾಯಿಹಾಲಿಗೆ ಹೊಟ್ಟೆಯಲ್ಲಿ ಎಡೆಯೇ ಉಳಿಯದು. ಅದೇ ಬಟ್ಟಲಿಗೆ ಒಂದು ಸಣ್ಣ ಚಮಚೆ ತುಪ್ಪವನ್ನು ಹಾಕಿದರೆ ಸುಮಾರು 45 ಕ್ಯಾಲೊರಿಗಳು ಕೂಡಿ ಬಟ್ಟಲಿನ ಸತ್ತ್ವವು ಇಮ್ಮಡಿಯಾಗುತ್ತದೆ. ಆಶ್ವಲಾಯನನ ತುಪ್ಪದನ್ನವೂ ಕಾಶ್ಯಪನ ಸ್ನೇಹದ್ರವ್ಯವೂ ಈ ದೃಷ್ಟಿಯಿಂದ ಸಾರ್ಥಕವಾಗಿವೆ.

ಮೊಳಕೆಯ ಗುಣವನ್ನು ಯುರೋಪಿನಲ್ಲಿಯೂ ಕಂಡುಕೊಂಡಿದ್ದರು. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಎಂಬಾತನು 1865ರಲ್ಲಿ ಗೋದಿಹಿಟ್ಟು, ಮೊಳೆಯಿಸಿದ ಜವೆಯ ಹಿಟ್ಟು, ಹಸುವಿನ ಹಾಲುಗಳಿಂದ ಶಿಶುಗಳಿಗೆ ಒಂದು ಆಹಾರವನ್ನು ಪ್ರಕಟಿಸಿದನು. ಎರಡು ವರ್ಷಗಳ ಮೇಲೆ, 1867ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆಯು ಹಾಲು ಮತ್ತು ಗೋದಿಯ ಹಿಟ್ಟನ್ನು ಮಾರಾಟಕ್ಕೆ ತಂದನು. ಡಬ್ಬಿಯ ಶಿಶುಆಹಾರದ ಯುಗವು ಅಲ್ಲಿಂದ ಮೊದಲಾಯಿತು. ಕನ್ನಡನಾಡಿನಲ್ಲಿ 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಈ ವಿಷಯವನ್ನು ಕೈಗೆತ್ತಿಕೊಂಡಿತು. ಅಲ್ಲಿಯ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು 1982ರಲ್ಲಿ ಮೊಳೆಯಿಸಿದ ರಾಗಿ ಮತ್ತು ಹೆಸರುಕಾಳಿನಿಂದ, ಕಾಯಿಸಿದಾಗ ಗಟ್ಟಿಯಾಗದ ಶಿಶುಆಹಾರವನ್ನು ರೂಪಿಸಿ ಪ್ರಕಟಿಸಿದರು. ಅಜ್ಜಿಯರ ಬಟ್ಟೆಗಂಟಿನಲ್ಲಿದ್ದ ವಿದ್ಯೆಯು ಹೀಗೆ ಪ್ರಯೋಗಶಾಲೆಯಲ್ಲಿ ಸಮರ್ಥಿತವಾಯಿತು. ಹೆಸರುಕಾಳು ಸೇರಿದುದಕ್ಕೂ ಕಾರಣವುಂಟು: ಧಾನ್ಯದ ಪ್ರೋಟೀನಿನಲ್ಲಿ ಕೊರತೆಯಾದ ಲೈಸಿನ್ ಎಂಬ ಅಂಶವನ್ನು ಬೇಳೆಯು ತುಂಬುತ್ತದೆ.

ಜೋಳದ ಸೀಮೆಯವರು ಇಲ್ಲಿ ಒಂದು ಎಚ್ಚರಿಕೆಯನ್ನು ಗಮನಿಸಬೇಕು. ಎಳೆಯ ಜೋಳದ ಚಿಗುರನ್ನು ಮೇಯ್ದ ದನಗಳಿಗೆ ವಿಷವೇರುವುದನ್ನು ಧಾರವಾಡದ ಒಕ್ಕಲಿಗರು ಬಲ್ಲರು. ಆ ವಿಷಾಂಶವೇ ಜೋಳದ ಮೊಳಕೆಯಲ್ಲಿಯೂ ಇರುವುದು. ಆದುದರಿಂದ ರಾಗಿಯ ಕ್ರಮವನ್ನು ಜೋಳಕ್ಕೆ ಹಾಗೆಯೇ ಅನ್ವಯಿಸತಕ್ಕದ್ದಲ್ಲ.

ತಕ್ಕಡಿಯ ಸಾಕ್ಷ್ಯ

ಕೂಸು ಬೆಳೆಯುತ್ತಿದೆಯೇ ಎಂಬುದನ್ನು ಹಿಂದಿನವರು ಕಣ್ಣಿನಿಂದಲೂ ಕೈಯಿಂದಲೂ ತಿಳಿಯುತ್ತಿದ್ದರು. ಉಡಿದಾರ ಬಿಗಿಯಾದರೆ ಮೈ ತುಂಬಿತೆಂದು ಹಿಗ್ಗುವರು. ತುಲಾಭಾರದಲ್ಲಿ ಕೂಸನ್ನು ತೂಗುವ ಹರಕೆಯುಂಟಾದರೂ ಆ ತೂಕವು ದೇವರ ಲೆಕ್ಕಕ್ಕೆ ಸಲ್ಲುತ್ತಿತ್ತೇ ಹೊರತು ತಿಂಗಳಿಂದ ತಿಂಗಳಿಗೆ ಹೋಲಿಸಿ ನೋಡುವುದಕ್ಕೆ ಒದಗುತ್ತಿರಲಿಲ್ಲ.

ಮೊಲೆ ಬಿಡಿಸುವ ಕಾಲದ ಅನ್ನವೇ ರೋಗಕ್ಕೆ ಕಾರಣವಾಗಬಹುದೆಂಬುದನ್ನು ಡಾ. ಸಿಸಿಲಿ ವಿಲಿಯಮ್ಸ್ ಎಂಬಾಕೆಯು ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ ಕಂಡು 1933ರಲ್ಲಿ ಪ್ರಕಟಿಸಿದಳು. ತಾಯಿಹಾಲು ತಪ್ಪಿ ಮೆಕ್ಕೆಜೋಳದ ಗಂಜಿಯೊಂದನ್ನೇ ಉಂಡ ಮಕ್ಕಳು ಬಾತು ಸಾಯುತ್ತಿದ್ದುವು. ಬಾವಿನಿಂದ ಕೂಸು ತುಂಬಿಕೊಂಡಂತೆ ತೋರಬಹುದಾದುದರಿಂದ ಕಣ್ಣಿನ ಸಾಕ್ಷ್ಯವು ಸಾಲದಾಯಿತು. ಮುಂದೆ ನೈಜೀರಿಯದಲ್ಲಿ ಡೇವಿಡ್ ಮಾರ್ಲೆ ಎಂಬ ವೈದ್ಯನು ತಿಂಗಳು ತಿಂಗಳಿನ ತೂಕವನ್ನು ಗುರುತಿಸುವ ರೇಖಾಪತ್ರವನ್ನು ರೂಢಿಗೆ ತಂದನು. ಭಾರತದಲ್ಲಿ 1975ರ ಅಕ್ಟೋಬರ್ 2ರಂದು 33 ಪ್ರದೇಶಗಳಲ್ಲಿ ಮೊದಲಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಟಿ. ನರಸೀಪುರದಿಂದ ಆರಂಭವಾಯಿತು. ಅಂಗನವಾಡಿಯ ತಕ್ಕಡಿಯೂ ಪತ್ರವೂ ಹಳ್ಳಿಹಳ್ಳಿಗೆ ಬಂದುದು ಅದರಿಂದ. ದೆಹಲಿಯೂ ಸೇರಿದಂತೆ ಆರು ದೇಶಗಳ ಮಕ್ಕಳನ್ನು ಅಳೆದು 2006ರಲ್ಲಿ ಹೊರಬಂದ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಗಂಡುಕೂಸಿನ ನಡುಮಟ್ಟದ ತೂಕವು ಹುಟ್ಟಿದಾಗ 3.3, ಆರು ತಿಂಗಳಿಗೆ 7.9, ವರ್ಷಕ್ಕೆ 9.6 ಕಿಲೋ, ಹೆಣ್ಣುಕೂಸಿನದು 3.2, 7.3, 8.9 ಕಿಲೋ. ಮೊದಲಿನ ಆರು ತಿಂಗಳಲ್ಲಿ ನಾಲ್ಕು ಕಿಲೋಗಳಿಗೂ ಹೆಚ್ಚಾಗಿ ಏರುವ ತೂಕವು ಮುಂದಿನ ಆರು ತಿಂಗಳಲ್ಲಿ ಎರಡು ಕಿಲೋಗಳನ್ನೂ ಮುಟ್ಟುವುದಿಲ್ಲ. ಬೆಳವಣಿಗೆಯ ವೇಗವು ಸಹಜವಾಗಿ ಇಳಿಯುವುದನ್ನು ಕಂಡು ಬೆದರಬೇಕಾದುದಿಲ್ಲ. ರೇಖೆಯು ಚಪ್ಪಟೆಯಾದರೆ ಮಾತ್ರ ಊಟವನ್ನೂ ರೋಗವನ್ನೂ ವಿಚಾರಿಸಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, 32.9 ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದವರು. ಬಡತನ, ರೋಗ, ತಾಯಿಯ ನಿಶ್ಶಕ್ತಿಗಳು ಇದಕ್ಕೆ ಕಾರಣಗಳಾಗಿವೆ. ಆದರೆ ಈ ಕುಂದು ಬಹಳಮಟ್ಟಿಗೆ ಬೇರೂರುವುದು ಅನ್ನಪ್ರಾಶನಕ್ಕೂ ಎರಡನೆಯ ಹುಟ್ಟುಹಬ್ಬಕ್ಕೂ ನಡುವಿನ ಕಾಲದಲ್ಲಿ.

ಉಳಿಸತಕ್ಕುದು, ಬಿಡತಕ್ಕುದು

2001ರಲ್ಲಿ ವಿಶ್ವ ಆರೋಗ್ಯ ಸಭೆಯು ಆರು ತಿಂಗಳು ತುಂಬುವವರೆಗೆ ತಾಯಿಹಾಲೊಂದನ್ನೇ ಕೊಟ್ಟು, ಅನಂತರ ಹಾಲಿನೊಡನೆ ಅನ್ನವನ್ನು ಸೇರಿಸಬೇಕೆಂದು ನಿರ್ಣಯಿಸಿತು. ಭಾರತದ 1992ರ ಶಿಶುಆಹಾರ ಕಾಯಿದೆಯಲ್ಲಿ ನಾಲ್ಕು ತಿಂಗಳೆಂದಿದ್ದ ಮಿತಿಯನ್ನು 2003ರ ತಿದ್ದುಪಡಿಯು ಆರು ತಿಂಗಳಿಗೆ ಏರಿಸಿತು. ಆದುದರಿಂದ ಗೃಹ್ಯಕಾರರ ಆರನೆಯ ತಿಂಗಳು ಸತ್ಯಕ್ಕೆ ಅತಿ ಸಮೀಪವಾಗಿದ್ದರೂ ಅದನ್ನು ಆರು ತುಂಬಿದ ಮೇಲೆ ಎಂದು ಎಣಿಸುವುದು ಯುಕ್ತ. ಹೆಣ್ಣುಕೂಸಿಗೆ ಐದನೆಯ ತಿಂಗಳೆಂಬ ಭೇದಕ್ಕೆ ಶರೀರಶಾಸ್ತ್ರದಲ್ಲಿ ಆಧಾರವಿಲ್ಲ. ಧಾನ್ಯವನ್ನು ಹತ್ತನೆಯ ತಿಂಗಳವರೆಗೆ ತಡೆಯುವ ಕಾಶ್ಯಪನ ಕ್ರಮವೂ ಇಂದು ಗ್ರಾಹ್ಯವಲ್ಲ; ಹುಟ್ಟುವಾಗ ಕೂಸು ತಂದ ಕಬ್ಬಿಣದ ಸಂಚಯವು ಆರು ತಿಂಗಳ ಹೊತ್ತಿಗೆ ತೀರುತ್ತ ಬರುವುದು. ಜೇನನ್ನಂತೂ ವರ್ಷ ತುಂಬುವವರೆಗೆ ಕೊಡಬಾರದು. ಅದರಲ್ಲಿರಬಹುದಾದ ಕ್ರಿಮಿಬೀಜದಿಂದ ಶಿಶುವಿಗೆ ಬೊಟುಲಿಸಮ್ ಎಂಬ ಪಾರ್ಶ್ವವಾಯುವಿನಂತಹ ರೋಗವು ಬರಬಹುದು. ಉಪ್ಪು ಸಕ್ಕರೆಗಳನ್ನೂ ಮೊದಲ ವರ್ಷದಲ್ಲಿ ದೂರವಿಡುವುದೇ ಒಳ್ಳೆಯದು.

ಉಳಿಯತಕ್ಕುದು ಬಹಳವಿದೆ. ಮೆತ್ತಗೆ ಬೆಂದ ಅನ್ನ, ಹೆಸರುಬೇಳೆ, ತುಪ್ಪ, ಮೊಳಕೆರಾಗಿಯ ಸರಿ, ತಾಯಿಹಾಲಿನ ಮುಂದುವರಿಕೆ, ಕ್ರಮಕ್ರಮವಾಗಿ ಏರಿಸುವ ತಾಳ್ಮೆ, ದೇಶವನ್ನೂ ಪ್ರಕೃತಿಯನ್ನೂ ನೋಡುವ ವಿವೇಕ ಇವೆಲ್ಲ ಹಳೆಯ ವಿದ್ಯೆಯಲ್ಲಿ ಆಗಲೇ ಇದ್ದವು. ಸೂತ್ರಕಾರರು ಮಾಂಸವನ್ನು ಹೇಳಿದ್ದರೆಂಬುದನ್ನು ಮರೆತ ಮನೆತನಗಳು ಪಾಯಸವೇ ಸನಾತನವೆಂದು ಭಾವಿಸಿದಂತೆ, ಅಕ್ಕಿಯೇ ಮೊದಲ ಧಾನ್ಯವಾಗಬೇಕೆಂಬುದೂ ರೂಢಿಯೇ ಹೊರತು ಅನುಲ್ಲಂಘ್ಯ ವಿಧಿಯಲ್ಲ. ಮಾಳಮಡ್ಡಿಯ ಮನೆಯೊಂದರಲ್ಲಿ ಮುಹೂರ್ತದ ದಿನ ಅಕ್ಕಿಯ ಪಾಯಸವು ತುಟಿಗೆ ತಗಲಿ, ಮರುದಿನದಿಂದ ರಾಗಿಯ ಸರಿಯೂ ಬೇಳೆಯ ಕಟ್ಟೂ ಬಟ್ಟಲಿಗೆ ಬಂದರೆ ಶಾಸ್ತ್ರಕ್ಕೆ ಲೋಪವಿಲ್ಲ. ಅನ್ನಪ್ರಾಶನದ ದಿನದಂದೇ ಕೂಸನ್ನು ಒಮ್ಮೆ ತೂಗಿ ಬರೆದಿಟ್ಟು, ತಿಂಗಳಿಗೊಮ್ಮೆ ಅದರ ಮುಂದೆ ಹೊಸ ಅಂಕೆಯನ್ನು ಬರೆಯುವುದಾದರೆ, ವಾಗ್ಭಟನು ಕೇಳಿದ ಎರಡು ಗುಣಗಳೂ ಆ ಬಟ್ಟಲಿನಲ್ಲಿವೆಯೇ ಎಂಬುದು ವರ್ಷ ತುಂಬುವುದರೊಳಗೆ ಮನೆಯವರಿಗೇ ತಿಳಿದುಬರುವುದು.